ಹೂಳು ತಡೆಯದೆ ನವಲಿ ಕಟ್ಟಿದರೆ ಮಾನ್ವಿಗೇನು ಬಂತು?

ತುಂಗಭದ್ರೆಯ ಹೂಳಿನ ಮಾತು ಬಂದಾಗಲೆಲ್ಲ ರಾಯಚೂರಿನ ವೇದಿಕೆಗಳಲ್ಲಿ ಒಂದೇ ಮಂತ್ರ: ನವಲಿ. ಕೊಪ್ಪಳ ಜಿಲ್ಲೆಯ ಆ ಊರಿನ ಬಳಿ ಸಮಾನಾಂತರ ಜಲಾಶಯ ಎದ್ದರೆ ಎಡದಂಡೆ ನಾಲೆಯ ಕೆಳಭಾಗದ ಮಾನ್ವಿಯ ಕೊನೆಯ ಹೊಲಕ್ಕೂ ನೀರು ಹರಿಯುತ್ತದಂತೆ. ಎಲ್ಲ ಪಕ್ಷದವರೂ ಇದನ್ನೇ ಹೇಳುತ್ತಾರೆ. ಇದು ಕೆಳಭಾಗದ ರೈತನ ಕಣ್ಣಿಗೆ ಮಣ್ಣೆರಚುವ ಕೆಲಸ.

133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಈಗ ಹಿಡಿಯುವುದು 105ರ ಆಸುಪಾಸು. ಸುಮಾರು 28 ಟಿಎಂಸಿ ಅಡಿ ಜಾಗವನ್ನು ಮಣ್ಣು ನುಂಗಿದೆ. ಆ ಮಣ್ಣು ಬಂದದ್ದು ಮೇಲಿನ ಜಲಾನಯನದ ಬೋಳು ಗುಡ್ಡಗಳಿಂದ, ಬದು ಒಡೆದ ಹೊಲಗಳಿಂದ. ಅಲ್ಲಿ ಒಡ್ಡು ಹಾಕಿಸಿ, ಗಿಡ ನೆಡಿಸಿ ಎಂದು ಗುಡುಗಿದ ಶಾಸಕ ಎಲ್ಲಿದ್ದಾನೆ? 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಎಲ್ಲರೂ ಅಣೆಕಟ್ಟೆಗೆ ಓಡಿದರು. 28 ಟಿಎಂಸಿ ಕಳೆದುಹೋದದ್ದಕ್ಕೆ ಯಾರೂ ಓಡಲಿಲ್ಲ.

ಇನ್ನು ಕಾಲುವೆ. ಎಡದಂಡೆ ನಾಲೆಯನ್ನು ತೋಡಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಲಘು ನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಅಲ್ಲಿ ನೀರು ನಿಂತು ನಿಂತು, ಯೋಜನೆಯ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವುಳು–ಜವುಳಾಯಿತು. ಇಲ್ಲಿ ಕೆಳಭಾಗದಲ್ಲಿ ಮಾನ್ವಿ, ರಾಯಚೂರಿನ ರೈತರು ನಾಲೆಯ ನೀರಿನ ಮಟ್ಟ ತೋರುವ 104ನೇ ಮೈಲಿನ ಗೇಜ್ ಕಾಯುತ್ತ ರಸ್ತೆಗಿಳಿಯುತ್ತಾರೆ. ಜಲಾಶಯ ತುಂಬಿ ತುಳುಕಿದ ವರ್ಷಗಳಲ್ಲೂ ಇದೇ ಗೋಳು. ನವಲಿಯ ನೀರನ್ನು ಮಾತ್ರ ಮೇಲ್ಭಾಗದ ಭತ್ತ ಮುಟ್ಟದೆ ಬಿಡುತ್ತದೆಯೇ?

ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಜಿಲ್ಲೆಯ ಬಾಯಾರಿಕೆಯನ್ನು ಆಳುವವರು ಎಂದೂ ಲೆಕ್ಕಕ್ಕೆ ಹಿಡಿದಿಲ್ಲ. 2022ರಲ್ಲಿ ರಾಯಚೂರು ನಗರದ ಜನ ನಲ್ಲಿಯ ಕಲುಷಿತ ನೀರು ಕುಡಿದು ಸತ್ತರು. ಮರುವರ್ಷವೇ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕೆಟ್ಟ ನೀರಿಗೆ ಹಲವರು ಹಾಸಿಗೆ ಹಿಡಿದರು. ಸಾವಿರಾರು ಕೋಟಿಯ ಕನಸು ಹಂಚುವವರಿಂದ ಒಂದು ಕೊಡ ಶುದ್ಧ ನೀರು ಕೊಡಲಾಗಲಿಲ್ಲ!

ನಾಲೆಯ ಮಾತಿನಾಚೆಗೂ ಜಿಲ್ಲೆಯಿದೆ. ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲ್ಲೂಕೆಂದ ದೇವದುರ್ಗದ ಮಳೆಯಾಶ್ರಿತ ಹೊಲಗಳಿಗೆ ಬೇಕಾದದ್ದು ಬದು, ಕೃಷಿಹೊಂಡ, ಬದುವಿನ ಮೇಲೆ ಬೇವು, ಹೊಂಗೆ. ಬೇವಿನ ಹಿಂಡಿಗೆ, ಹೊಂಗೆಯೆಣ್ಣೆಗೆ ಇಲ್ಲೇ ಗಾಣ ಬೇಕು. ಎಣ್ಣೆ ಬರುವ ಬೀಜ ನೆಲದಲ್ಲಿ ಕೊಳೆಯುತ್ತಿರುವಾಗ ಮಂದಿ ಬೆಂಗಳೂರಿಗೆ ಗುಳೆ ಹೋಗುತ್ತಿದ್ದಾರೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯನ್ನು ಹೊಲದಲ್ಲೇ ಸುಡುತ್ತೇವೆ. ಇದೇ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರುತ್ತದೆ. ಕಲ್ಲಿದ್ದಲಿನ ಜತೆ ಶೇ 5ರಷ್ಟು ಕೃಷಿತ್ಯಾಜ್ಯದ ಉಂಡೆ ಉರಿಸಬೇಕೆಂಬ ನೀತಿಯನ್ನು ಕೇಂದ್ರ 2021ರಲ್ಲೇ ಹೊರಡಿಸಿತು. 1,720 ಮೆಗಾವಾಟ್‌ನ ಆ ಸ್ಥಾವರದಲ್ಲಿ ಶೇ 5 ಎಂದರೆ 86 ಮೆಗಾವಾಟ್. ಅಷ್ಟು ಕಟ್ಟಿಗೆಗೆ ದುಡ್ಡು ಎಣಿಸಿದರೆ ದೇವದುರ್ಗದ ಎಷ್ಟು ಒಲೆ ಉರಿಯುತ್ತವೆ ಎಂದು ಜಿಲ್ಲಾ ಉಸ್ತುವಾರಿ ಸಚಿವರು ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಲೆಕ್ಕ ಹಾಕಿಸಲಿ. ನವಲಿಯ ಕಡತ ಬಿಚ್ಚುವ ಮೊದಲು 104ನೇ ಮೈಲಿನ ಗೇಜ್ ಎಷ್ಟಿದೆಯೆಂದು ಓದಿ ಹೇಳಲಿ.