ಆಪರೇಷನ್ ಸಕ್ಸಸ್, ಆಮೇಲೆ?

ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರ ಡಿಸ್ಚಾರ್ಜ್ ಸಮ್ಮರಿ ಓದಿದ್ದೀರಾ? ಕೂಳೂರಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರಿಗೆ ಕೊಟ್ಟಿದ್ದರಲ್ಲಿ ಮೂರು ಪುಟ ಇಂಗ್ಲಿಷು, ಕೊನೆಗೆ ಒಂದೇ ಸಾಲು: ಮೂರು ತಿಂಗಳು ಬಿಟ್ಟು ಬನ್ನಿ. ಯಾಕೆ, ಯಾವ ಟೆಸ್ಟಿಗೆ, ಯಾವುದೂ ಇಲ್ಲ. ಅವರು ಹೋಗಲಿಲ್ಲ. ಆಸ್ಪತ್ರೆಯಿಂದ ಯಾರೂ ಕೇಳಲೂ ಇಲ್ಲ. "ಗಡ್ಡೆ ತೆಗ್ದಾಯ್ತಲ್ಲ ಮಾರಾಯ್ರೇ, ಇನ್ನೆಂತ ಚೆಕಪ್ಪು?" ಅಂತಾರೆ. ತಪ್ಪು ಅವರದ್ದಲ್ಲ.

ಈ ಕ್ಯಾನ್ಸರ್ ಮರುಕಳಿಸಿದರೆ ಹೆಚ್ಚಾಗಿ ಮೊದಲ 2-3 ವರ್ಷದೊಳಗೇ. ಅದಕ್ಕೇ ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತ ಪರೀಕ್ಷೆ, ಮತ್ತೆ 5 ವರ್ಷದ ತನಕ 6 ತಿಂಗಳಿಗೊಮ್ಮೆ. ನಡುವೆ ಸಿಟಿ ಸ್ಕ್ಯಾನ್, ವರ್ಷ ತುಂಬುವಾಗ ಕೊಲೊನೋಸ್ಕೋಪಿ. ಲಿವರಿಗೆ ಹರಡಿದ್ದು ಬೇಗ ಸಿಕ್ಕರೆ ಕೆಲವರಿಗೆ ಅದನ್ನೂ ಕತ್ತರಿಸಿ ಗುಣ ಮಾಡಬಹುದು. ನೋವು ಶುರುವಾದ ಮೇಲೆ ಹೋದರೆ ಆ ಅವಕಾಶ ಹೆಚ್ಚಾಗಿ ತಪ್ಪಿರುತ್ತದೆ.

ಹಾಗಂತ ಟೆಸ್ಟು ಜಾಸ್ತಿ ಮಾಡಿ ಎನ್ನುತ್ತಿಲ್ಲ. ಪ್ಯಾಕೇಜ್ ಮಾರುವವರಿಗೆ ಅಷ್ಟೇ ಸಾಕು! 2018ರಲ್ಲಿ ಪ್ರಕಟವಾದ ಕೊಲೊಫಾಲ್ ಅಧ್ಯಯನ ಸ್ವೀಡನ್, ಡೆನ್ಮಾರ್ಕ್, ಉರುಗ್ವೆಯ 2,509 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಮೂರು ವರ್ಷದಲ್ಲಿ ಐದು ಸಲ ಸ್ಕ್ಯಾನ್ ಮತ್ತು ಸಿಇಎ, ಇನ್ನೊಂದಕ್ಕೆ ಎರಡೇ ಸಲ. 5 ವರ್ಷದ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ನೋಡಿ, ಫಾಲೋಅಪ್ ವೇಸ್ಟು" ಅಂತ ಇದನ್ನೇ ಮುಂದಿಡುವವರಿದ್ದಾರೆ. ಸ್ವಾಮಿ, ಕಡಿಮೆ ಟೆಸ್ಟಿನ ಗುಂಪನ್ನೂ 12 ಮತ್ತು 36ನೇ ತಿಂಗಳಿಗೆ ಪರೀಕ್ಷೆಗೆ ಕರೆಯುವ ವ್ಯವಸ್ಥೆ ಅಲ್ಲಿತ್ತು. ಯಾರೂ ಕರೆಯದ ಮೂರನೇ ಗುಂಪೊಂದು ಅಲ್ಲಿರಲಿಲ್ಲ. ಅದಿರುವುದು ನಮ್ಮಲ್ಲಿ.

ದುಡ್ಡಿನ ಕಥೆಯೂ ಅಷ್ಟೇ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಕೊಡುವ ಆಯುಷ್ಮಾನ್ ಭಾರತ್ ಯೋಜನೆ ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚು ನೋಡಿಕೊಳ್ಳುತ್ತದೆ. ನಿಗಾ ಬೇಕಿರುವುದು 5 ವರ್ಷ.

ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ಮಂಗಳೂರಿನಲ್ಲಿ, ಬೈಕ್ ಸರ್ವಿಸಿನ ತಾರೀಕು ದಾಟಿದರೆ ಶೋರೂಮಿನಿಂದ ಫೋನ್ ಬರುತ್ತದೆ. ಕರುಳು ಕತ್ತರಿಸಿದ ಕಡೆಯಿಂದ ಬರಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ರೂಪಾಯಿ ಬಿಡುವುದಿಲ್ಲ. ತಾರೀಕು ತಪ್ಪಿಸಿದವರ ಪಟ್ಟಿ ತೆಗೆಯುವ ಕೋಡು ಅದಕ್ಕಿಂತ ಸುಲಭ, ಕಾಲೇಜು ಮುಗಿಸಿದ ಹುಡುಗ ವಾರದಲ್ಲಿ ಬರೀತಾನೆ. ಆ ಪಟ್ಟಿ ಹಿಡಿದು ತುಳುವಿನಲ್ಲೋ ಬ್ಯಾರಿಯಲ್ಲೋ ಫೋನ್ ಮಾಡಲು ಒಬ್ಬ ನರ್ಸ್ ಬೇಕು. ಆ ಸಂಬಳ ಕೊಡಲು ಮನಸ್ಸಿಲ್ಲ, ಅಷ್ಟೇ.

ಆಪರೇಷನ್ನಿಗೆ ರಜೆ ಹಾಕಿ ಬೆಂಗಳೂರಿಂದ ಓಡಿಬರುವವರು ಡಿಸ್ಚಾರ್ಜ್ ದಿನವೇ ಕೇಳಿ: ಮುಂದಿನ ಸಿಇಎ ಯಾವತ್ತು, ಅಪ್ಪ ಬರದಿದ್ದರೆ ಫೋನ್ ಮಾಡುವವರು ಯಾರು? ಕನ್ನಡದಲ್ಲಿ ಬರೆದು ಕೊಡುವ ತನಕ ಕೌಂಟರ್ ಬಿಟ್ಟು ಕದಲಬೇಡಿ.