ಮೊದಲ ಪುಟಕ್ಕೇಕೆ ಕತ್ತರಿ?

ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕವಾಗಿ ಬಂದದ್ದು 1898ರಲ್ಲಿ. ಅದರ ಮಕ್ಕಳ ಸಂಕ್ಷೇಪವೊಂದು ನಮ್ಮ ಶಾಲೆಗೆ ಬಂದಿತ್ತು. ಮಂಗಳ ಗ್ರಹದವರ ಸಿಲಿಂಡರ್ ಭೂಮಿಗೆ ಬೀಳುವಲ್ಲಿಂದಲೇ ಕಥೆ ಶುರು. ಓದಿದ ಹುಡುಗಿಯೊಬ್ಬಳು, "ಟೀಚರ್, ಅಷ್ಟು ಬಲಶಾಲಿಗಳು ಕೊನೆಗೆ ಬ್ಯಾಕ್ಟೀರಿಯಾದಿಂದ ಸತ್ತರಂತೆ. ಇದು ಮೋಸ ಅಲ್ವಾ?" ಎಂದಳು.

ಮೋಸ ಹೌದು. ಆದರೆ ಮಾಡಿದವರು ವೆಲ್ಸ್ ಅಲ್ಲ, ಕತ್ತರಿ ಹಿಡಿದವರು. ಮೂಲದ ಆರಂಭದಲ್ಲೇ ಒಂದು ಹೋಲಿಕೆಯಿದೆ: ನೀರಹನಿಯೊಳಗಿನ ಜೀವಿಗಳನ್ನು ಮನುಷ್ಯ ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಮಂಗಳದವರು ನಮ್ಮನ್ನು ನೋಡುತ್ತಿದ್ದರು. ಓದುವಾಗ ಬರೀ ಅಲಂಕಾರ ಎನಿಸುತ್ತದೆ. ಕೊನೆಗೆ ಅಂಥ ಕಣ್ಣಿಗೆ ಕಾಣದ ಜೀವಿಗಳೇ ಅವರನ್ನು ಕೊಂದಾಗ, ಬೀಜ ಬಿದ್ದದ್ದು ಎಲ್ಲಿ ಎಂದು ತಿಳಿಯುತ್ತದೆ. ಟಾಸ್ಮೇನಿಯಾದ ಮೂಲನಿವಾಸಿಗಳ ಮೇಲೆ ಯುರೋಪಿನವರು ನಡೆಸಿದ ಸಂಹಾರದ ಮಾತೂ ಅದೇ ಅಧ್ಯಾಯದಲ್ಲಿದೆ. ಗೆದ್ದವರ ಗರ್ವಕ್ಕೆ ಎಚ್ಚರಿಕೆ ಅಲ್ಲಿಯೇ ಸಿಕ್ಕಿಬಿಡುತ್ತದೆ.

"ಮಕ್ಕಳಿಗೆ ಪೀಠಿಕೆ ಬೇಸರ" ಎನ್ನುವವರಿಗೆ ನನ್ನದೊಂದೇ ಮಾತು: ಬೇಸರ ನಿಮ್ಮದು, ಮಕ್ಕಳದಲ್ಲ. ಆ ಪುಟವನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಹುಡುಗಿ, "ಮೊದಲೇ ಹೇಳಿದ್ದಾರಲ್ಲ ಟೀಚರ್! ಇದನ್ನ ಯಾಕೆ ತೆಗೆದ್ರು?" ಎಂದಳು. ಉತ್ತರವನ್ನು ಕತ್ತರಿ ಹಿಡಿದವರೇ ಕೊಡಲಿ.