ಒಣಗಿದಷ್ಟೂ ಗಟ್ಟಿಯೇ?

‘ಸೋಯಾಬೀನ್ ಬೀಜ ಒಣಗಿದಷ್ಟೂ ಗಟ್ಟಿ, ಒಕ್ಕಣೆ ಯಂತ್ರ ಏನೂ ಮಾಡದು’ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಎಣ್ಣೆ ಗಿರಣಿಗೆ ಹೋಗುವ ಕಾಳಿಗೆ ಈ ಮಾತು ನಡೆದೀತು. ಬಿತ್ತುವ ಬೀಜಕ್ಕೆ ನಡೆಯದು.

ಸುಮಾರು ಶೇ 12ರಿಂದ 14ರ ತೇವಾಂಶದಲ್ಲಿ ಬೀಜ ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಇನ್ನೂ ಒಣಗಿದರೆ ಸಿಪ್ಪೆ ಬಿರಿದು, ಕಾಳು ಎರಡು ಹೋಳಾಗುತ್ತದೆ. ಹಸಿ ಹೆಚ್ಚಿದ್ದರೆ ಒಳಗೊಳಗೇ ಜಜ್ಜಿಹೋಗುತ್ತದೆ. ಇದು ಹೆಚ್ಚು ಮೋಸ, ಕಣ್ಣಿಗೆ ಕಾಣುವುದೇ ಇಲ್ಲ. ಮೊಳಕೆಯ ಬೇರು ಇರುವುದು ತೆಳು ಸಿಪ್ಪೆಯ ಅಡಿಯಲ್ಲೇ. ಪೆಟ್ಟು ಅದಕ್ಕೆ ನೇರವಾಗಿ ತಾಗುತ್ತದೆ. ಪ್ರಮಾಣಿತ ಕಡಲೆ ಬೀಜಕ್ಕೆ ಕನಿಷ್ಠ ಶೇ 85 ಮೊಳಕೆ ಬೇಕೆನ್ನುವ ನಿಯಮ, ಸೋಯಾಬೀನಿಗೆ ಶೇ 70ಕ್ಕೇ ಒಪ್ಪಿಕೊಂಡಿದೆ. ಅಷ್ಟು ನಾಜೂಕು ಈ ಬೀಜ.

ತಳಿಯ ವಿಚಾರವನ್ನು ಲೇಖಕರು ಎತ್ತಲೇ ಇಲ್ಲ. ದಪ್ಪ ಕಾಳಿನ ಹಳದಿ ತಳಿಗಳು ಬೇಗ ಒಡೆಯುತ್ತವೆ. ಸಣ್ಣ, ಕಪ್ಪು ಕಾಳಿನವು ತಡೆದುಕೊಳ್ಳುತ್ತವೆ. ಸಿಪ್ಪೆಯಲ್ಲಿ ಲಿಗ್ನಿನ್ ಹೆಚ್ಚಿರುವುದು ಇದಕ್ಕೊಂದು ಕಾರಣ.

ಬೀದರ, ಬೆಳಗಾವಿ, ಧಾರವಾಡದ ಬೀಜೋತ್ಪಾದಕರೇ, ತೇವಾಂಶ ಅಳೆದೇ ಒಕ್ಕಿ, ಡ್ರಮ್ಮಿನ ವೇಗ ತಗ್ಗಿಸಿ. ಸಂಗ್ರಹಕ್ಕಾಗಿ ಒಣಗಿಸುವುದು ಒಕ್ಕಿದ ಮೇಲಿರಲಿ.